ಬೃಂದಾ ಹೆಸರಿನ ನೊಣ

ಈ ಲೋಕದಲ್ಲಿ ನನ್ನ ಹೆಸರಿನ ನೊಣವೊಂದಿತ್ತು. ಹೋದ ವಾರ ಆ ಹೆಸರನ್ನು ನಾನೇ ತೆಗೆದುಹಾಕಿದೆ.

ನನ್ನ ಗಂಡ ಶಿವಶಂಕರ ಮತ್ತು ನಾನು, ಇಬ್ಬರದೂ ಒಂದೇ ಕೆಲಸ. ದನಗಳನ್ನು ಕಚ್ಚಿ ರೋಗ ಹರಡುವ ನೊಣಗಳನ್ನು ಹಿಡಿದು ಯಾವುದು ಯಾವುದೆಂದು ಗುರುತಿಸುವುದು. ಮದುವೆಯಾದ ಹೊಸದರಲ್ಲಿ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಹೂವಿನ ಮೇಲೆ ಕೂತಿದ್ದ ಗಂಡು ನೊಣವೊಂದು ಅವರಿಗೆ ಸಿಕ್ಕಿತು. ಯಾರೂ ಹೆಸರಿಡದ ಹೊಸ ಪ್ರಭೇದವೆಂದು ಪ್ರಕಟಿಸಿದರು. ನನ್ನ ಹೆಸರಿಗೆ ಲ್ಯಾಟಿನ್ ಬಾಲ ಅಂಟಿಸಿ ಅದಕ್ಕಿಟ್ಟರು. ಸೀರೆ ಕೊಡಿಸಿ ಅಂದರೆ ನೊಣ ಕೊಡಿಸಿದಿರಲ್ಲ ಎಂದು ರೇಗಿಸಿದೆನಾದರೂ ಒಳಗೊಳಗೆ ಹಿಗ್ಗಿಹೋಗಿದ್ದೆ. ನಮ್ಮ ಶಾಸ್ತ್ರದ ಪದ್ಧತಿಯಲ್ಲಿ ಪ್ರಭೇದದ ಹೆಸರಿನ ಪಕ್ಕ ಹೆಸರಿಟ್ಟವರ ಹೆಸರೂ ಬರುತ್ತದೆ. ಆ ನೊಣ ಎಲ್ಲಿ ಅಚ್ಚಾದರೂ ಬೃಂದಾ, ಪಕ್ಕದಲ್ಲೇ ಶಿವಶಂಕರ, ಲಗ್ನಪತ್ರಿಕೆಯಲ್ಲಿದ್ದ ಹಾಗೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ನಮಗೆ ಮಕ್ಕಳಿಲ್ಲ. ಬಿಳಿಕೆರೆಯ ಮನೆಯಲ್ಲಿ ನಾನು, ಅತ್ತೆ ಯಶೋದಮ್ಮ ಇಬ್ಬರೇ. ಮನೆಗೆ ಯಾರೇ ಬರಲಿ, ಹಾಲು ಹಾಕುವವಳನ್ನೂ ಬಿಡದೆ, ನನ್ನ ಮಗ ಒಂದು ಜೀವಕ್ಕೆ ಹೆಸರಿಟ್ಟಿದ್ದಾನೆ, ಲೋಕ ಇರುವ ತನಕ ಇರುತ್ತದಂತೆ ಎಂದು ಅತ್ತೆ ಹೇಳುತ್ತಿದ್ದರು.

ಕಳೆದ ಜೂನ್‌ನಲ್ಲಿ ಅಂತರಸಂತೆ ಹತ್ತಿರದ ರೈತ ಸಣ್ಣಬೀರಯ್ಯನ ಎತ್ತುಗಳಿಗೆ, ಈ ನೊಣಗಳು ಕಚ್ಚಿ ಹರಡುವ ಸರ್ರಾ ಜ್ವರ ಬಂತೆಂದು ಹೋಗಿದ್ದೆ. ಕೊಟ್ಟಿಗೆಯ ಹಿಂದೆ, ಲಂಟಾನದ ಎಲೆಯ ಮೇಲೆ ಎರಡು ನೊಣ ಕೂಡಿಕೊಂಡು ಕೂತಿದ್ದವು. ಬಲೆ ಹಾಕಿದೆ. ಹೆಣ್ಣು ಇಲ್ಲಿನ ಯಾವ ಎತ್ತಿನ ಮೈಮೇಲಾದರೂ ಸಿಗುವ, ಬ್ರಿಟಿಷರ ಕಾಲದಲ್ಲೇ ಹೆಸರು ಪಡೆದ ನೊಣ. ಗಂಡು ನಮ್ಮ ಬೃಂದಾ ನೊಣ.

ಈ ಕುಲದಲ್ಲಿ ರಕ್ತ ಕುಡಿಯುವುದು ಹೆಣ್ಣು ಮಾತ್ರ. ಗಂಡು ಹೂವಿನ ರಸದಲ್ಲಿ ಬದುಕುತ್ತದೆ, ದನದ ಹತ್ತಿರ ಸುಳಿಯುವುದಿಲ್ಲ, ನೋಡಲೂ ಬೇರೆ. ಅವರು ಹೊಸದೆಂದುಕೊಂಡದ್ದು ಹಳೆಯ ನೊಣದ ಗಂಡನನ್ನು. ಒಂದೇ ಪ್ರಭೇದಕ್ಕೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದು ಉಳಿಯುತ್ತದೆ, ಆಮೇಲಿನದು ಬಿದ್ದುಹೋಗುತ್ತದೆ.

ಬಲೆಯ ಬಾಯಿ ಬಿಡಿಸಿ ಹಾರಲು ಬಿಟ್ಟಿದ್ದರೆ ಯಾರಿಗೂ ತಿಳಿಯದೆ ಮುಗಿಯುತ್ತಿತ್ತು. ಆದರೆ ತಪ್ಪು ಹೆಸರಿನ ನೊಣ ಕಂಡರೆ ಊಟ ಬಿಟ್ಟು ಜಗಳಕ್ಕೆ ಕೂರುತ್ತಿದ್ದ ಮನುಷ್ಯನ ಹೆಂಡತಿ ನಾನು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಹೋಗುವವರು ಈ ತಪ್ಪು ತಿದ್ದುವ ಕೆಲಸವನ್ನೂ ಮುಗಿಸಿ ಹೋಗಬಾರದಿತ್ತೇ? ಆಮೇಲೆ ಡಿಎನ್‌ಎ ಪರೀಕ್ಷೆಯೂ ಎರಡೂ ಒಂದೇ ಎಂದಿತು.

ಹೋದ ವಾರ ಇದನ್ನೆಲ್ಲ ಬರೆದ ನನ್ನ ಪ್ರಬಂಧ ಅಚ್ಚಾಯಿತು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು, ಆ ಹೆಸರು ಇನ್ನು ಮುಂದೆ ಇರುವುದಿಲ್ಲ ಎಂದು ತಿಳಿಸಿ ಹೇಳಿದೆ. ಯಾರು ತೆಗೆದರು ಎಂದು ಕೇಳಿದರು. ನಾನೇ ಎಂದೆ.

ಅತ್ತೆ ಕೈಯಲ್ಲಿದ್ದ ಕಾಯನ್ನು ಸುಲಿಯದೆ ಮೊರಕ್ಕೆ ಹಾಕಿದರು.

"ಬ್ಯಾರೆ ಯಾರಾರೂ ತೆಗೀಬೋದಿತ್ತಲ್ಲವ್ವ. ನೀನೇ ತೆಗೀಬೇಕಿತ್ತಾ?"

"ಅವ್ರನ್ನ ಮಣ್ಣು ಮಾಡ್ದೋರೂ ನಾವೇ ಅಲ್ವಾ ಅತ್ತೆ. ಇದ್ನ ಬೇರೆಯವ್ರ ಕೈಗೆ ಕೊಡಕ್ಕೆ ಮನ್ಸು ಬರ್ಲಿಲ್ಲ."

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಮಗ ಸತ್ತ ದಿನ ಅತ್ತ ಹಾಗೆಯೇ ಅಳತೊಡಗಿದರು. ಅವರ ಜೊತೆ ನಾನೂ ಅತ್ತುಬಿಟ್ಟೆ.