ಜ್ವರ ಬಾರದ ಮೈ

ಕಂಪಾಲದ ಈ ಮಕ್ಕಳ ವಾರ್ಡಿನಲ್ಲಿ ಗಂಜಿ ಕಾಯಿಸುವವಳು ನಾನು. ನನ್ನ ಗಂಜಿಯ ವಾಸನೆಗೆ ಊರಂಚಿನ ಸರೋವರದ ನೀರಾನೆಗಳು ಗುಡ್ಡ ಹತ್ತಿ ಬಂದು ಸಾಲುಗಟ್ಟಿದ್ದುಂಟು. ಆದರೆ ನಲುಂಗ ಮುದುಕಿಯ ನಾಲಿಗೆಯ ಮುಂದೆ ಆ ನೀರಾನೆಗಳೂ ಬೆಕ್ಕಿನ ಮರಿಗಳೇ.

ಮುದುಕಿ ಬಂದದ್ದು ಮೊಮ್ಮಗಳು ನಂತಲೆಯನ್ನು ಎತ್ತಿಕೊಂಡು ಹೋಗಲು. ಎರಡು ವರ್ಷದ ಕೂಸು ಕಾಲು ಊದಿ, ಕೂದಲು ಕೆಂಚಾಗಿ ಮಲಗಿತ್ತು. ಮೊಲೆಯುಣ್ಣುವ ಮಗುವಿರುವಾಗಲೇ ತಾಯಿ ಮತ್ತೆ ಬಸಿರಾದರೆ ಒಳಗಿನದರ ಕಾವು ಹೊರಗಿನದನ್ನು ಸುಡುತ್ತದೆ, ಹೀಗಾಗುತ್ತದೆ ಎನ್ನುವವರು ನಮ್ಮವರು.

"ಬಸಿರು ಮುಚ್ಚಿಟ್ಟು ಕೂಸನ್ನ ತಿಂದ್ಯಲ್ಲೇ!" ಮುದುಕಿ ಸೊಸೆ ನಗಾದ್ಯಳ ಮೇಲೆ ಹರಿಹಾಯ್ದಳು. "ಸೊಪ್ಪಿನ ನೀರಲ್ಲಿ ಮೀಯಿಸಿದ್ರೆ ವಾಸಿಯಾಗುತ್ತೆ. ಕೊಡಿಲ್ಲಿ!"

"ಮುಟ್ಟಬೇಡಿ ಅಜ್ಜಿ, ಶ್ವಾಸಕೋಶದಲ್ಲಿ ಸೋಂಕಿದೆ, ಸೂಜಿಮದ್ದು ಚುಚ್ಚಬೇಕು," ಎಂದಳು ನರ್ಸ್ ಬಿರುಂಗಿ.

"ಸೋಂಕಂತೆ! ಮೈ ಕಪ್ಪೆ ಥರ ತಣ್ಣಗಿದೆ. ಜ್ವರ ಇಲ್ದೆ ಎದೆ ಕಾಯಿಲೆ ಎಲ್ಲಾದ್ರೂ ಉಂಟಾ? ನೀವು ರಕ್ತ ಹೀರಿದ್ದಕ್ಕೇ ತಣ್ಣಗಾಗಿದ್ದು!"

"ಆ ರಕ್ತದಿಂದಲೇ ಗೊತ್ತಾಗಿದ್ದು. ಕೊಬ್ಬಿಂದ ಹುಟ್ಟೋ ಹಾರ್ಮೋನು ತಳ ಕಂಡಿದೆ, ಸಂಕಟದ ಹಾರ್ಮೋನು ನೆತ್ತಿಗೇರಿದೆ. ಪೌಷ್ಟಿಕ ಊಟವಿಲ್ದೆ ಸೊರಗಿದ ಇಂಥ ಮೈಗೆ ಜ್ವರ ಏರಿಸೋ ತ್ರಾಣವೂ ಇರಲ್ಲ."

"ನಿನ್ನ ಹಾರ್ಮೋನನ್ನ ನಿನ್ನ ಗಂಡನ ಸಾರಿಗೆ ಹಾಕು, ಹೋಗೇ!"

ಆಗ ನಾನು ಸೌಟು ಎತ್ತಿ ಗರ್ಜಿಸಿದೆ. ಊರಿನ ಏಳು ಗುಡ್ಡಗಳ ಮೇಲಿನ ಮನೆಗಳ ಕಿಟಕಿಗಳೂ ಅದುರಿದವು.

"ಎಣಿಸು ಮುದುಕಿ! ಒಂದೇ ನಿಮಿಷ ಇದರ ಉಸಿರು ಎಣಿಸು. ಈ ವಯಸ್ಸಿಗೆ ನಲವತ್ತು ದಾಟಿದ್ರೆ ಎದೆ ಕಾಯಿಲೆಯೇ. ದಾಟದಿದ್ರೆ ನಾನೇ ಕೂಸನ್ನ ಹೊತ್ತು ನಿನ್ನ ಮನೆ ಮುಟ್ಟಿಸ್ತೀನಿ."

ಬಿರುಂಗಿ ಗಡಿಯಾರ ಹಿಡಿದಳು. ಮುದುಕಿ ಹಲ್ಲು ಕಡಿಯುತ್ತಾ ಕೂಸಿನ ಎದೆಯ ಮೇಲೆ ಕೈಯಿಟ್ಟಳು. ಪ್ರತಿ ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ನಲವತ್ತಾಯಿತು, ಐವತ್ತಾಯಿತು. ಅರವತ್ತೆರಡಕ್ಕೆ ಬಿರುಂಗಿ "ಸಾಕು" ಎಂದಳು. ಮುದುಕಿ ಕೈ ತೆಗೆಯಲಿಲ್ಲ.

"ಆದ್ರೂ ಇವಳು ಬಸಿರಿಯೇ," ಎಂದು ಗೊಣಗಿದಳು.

ನಮ್ಮಲ್ಲಿ ಸೊಸೆ ಅತ್ತೆಯೆದುರು ಮಂಡಿಯೂರಿಯೇ ಮಾತಾಡಬೇಕು. ನಗಾದ್ಯ ಎದ್ದು ನಿಂತಳು. ನಾನಿರಲಿ, ಆಸ್ಪತ್ರೆಯ ಗೋಡೆಗಳೇ ಬಾಯಿ ಬಿಟ್ಟವು.

"ಹೌದತ್ತೆ, ಮೂರು ತಿಂಗಳು. ಬಯ್ಕೊಳ್ಳಿ, ಊರಿಗೆಲ್ಲ ಸಾರ್ಕೊಳ್ಳಿ. ಇವಳನ್ನ ಮಾತ್ರ ಕೊಡಲ್ಲ."

ಮುದುಕಿ ಸೊಸೆಗೆ ಬೆನ್ನು ಹಾಕಿ ಕೂತು ನರ್ಸನ್ನು ದುರುಗುಟ್ಟಿ ನೋಡಿದಳು. "ಏನು ನೋಡ್ತೀಯೇ? ಚುಚ್ಚು ಸೂಜಿ. ಕೂಸು ಸತ್ರೆ ನಿಮ್ಮ ಮೂವರನ್ನೂ ಬಿಡಲ್ಲ."

ಹಾಗೆನ್ನುತ್ತಲೇ ಕೂಸಿನ ಕಾಲನ್ನು ತಾನೇ ಅದುಮಿ ಹಿಡಿದಳು.