ಮರಿ ಕೊಟ್ಟು ತಂದ ಎಂಜಿನ್

ಎಂಜಿನ್ನನ್ನು ಕಣ್ಣಿನಿಂದ ನೋಡಿ ತರುವವನು ಹೆಡ್ಡ, ಕಿವಿಯಿಂದ ಕೇಳಿ ತರಬೇಕು ಅನ್ನುವುದು ಅರಬ್ ಮರುಭೂಮಿಯ ಜಿದ್ದತ್ ಬಯಲಿನ ಜನರ ಮಾತು. ಅದೂ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಅಲ್ಲ. ಅಂಗಡಿಯಲ್ಲಿ ಎಲ್ಲ ಎಂಜಿನ್ನೂ ಸಾಧುವೇ. ಮಾರುವವನು ಅದನ್ನು ನಿನ್ನ ಗುಡಾರದ ಮುಂದೆ ತಂದು ನಿಲ್ಲಿಸಬೇಕು, ಮೂರು ಸುತ್ತು ಕಾಫಿ ಮುಗಿಯುವವರೆಗೆ ಅದು ಓಡುತ್ತಲೇ ಇರಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಅದರ ಹುಳುಕು ತಾನಾಗಿ ಹೊರಬೀಳುತ್ತದೆ. ತುಫೂಲ್ ಈ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದಳು.

ಅವಳಿಗೆ ಎಂಜಿನ್ ಬೇಕೇ ಬೇಕಿತ್ತು. ಗಂಡ ಲುವೈತಿ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಅವನು ಬಿಟ್ಟು ಹೋದದ್ದು ಹನ್ನೊಂದು ಒಂಟೆ, ಮತ್ತು ಮದುವೆಗಿಂತ ಹಳೆಯದಾದ ಒಂದು ಪೆಟ್ರೋಲ್ ಪಿಕಪ್. ಆ ಬಯಲಿನಲ್ಲಿ ಬಾವಿ ಇಲ್ಲ. ಹದಿನೆಂಟು ಕಿಲೋಮೀಟರ್ ದೂರದ ಸರ್ಕಾರಿ ನೀರಿನ ಘಟಕಕ್ಕೆ ಹೋಗಿ, ಪಿಕಪ್ಪಿನ ಬೆನ್ನ ಮೇಲಿನ ಟ್ಯಾಂಕು ತುಂಬಿಸಿ ತಂದು ತೊಟ್ಟಿಗೆ ಸುರಿದರೆ ಒಂಟೆ ಬದುಕುತ್ತವೆ, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಂತೂ ಮೂರು ದಿನಕ್ಕೊಮ್ಮೆ ನೀರು ಬೀಳಲೇಬೇಕು.

ಆಡು ಹೆಂಗಸರದು, ಒಂಟೆ ಗಂಡಸರದು ಅನ್ನುವುದು ಅಲ್ಲಿಯ ಕಟ್ಟಳೆ. ಲುವೈತಿಯ ತಮ್ಮ ಬಖೀತ್ ಅಣ್ಣನ ಗೋರಿಯ ಮಣ್ಣು ಒಣಗುವ ಮೊದಲೇ ಅದನ್ನು ನೆನಪಿಸಿದ್ದ. ತುಫೂಲ್ ಒಪ್ಪಿರಲಿಲ್ಲ. ಒಂಟೆ ಹೋದರೆ ತಾನು ಬಖೀತನ ಗುಡಾರದ ಹಿಂದೆ ಆಡು ಕಾಯುವ ಮುದುಕಿ, ಅವನು ಏಳು ಅಂದಾಗ ಎದ್ದು ಕೂರು ಅಂದಲ್ಲಿ ಕೂರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಐವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯ ಹೆಂಗಸರು ತೊಡುವ ಬಟ್ಟೆಯ ಮುಖವಾಡದ ಮೇಲೆ ಗಂಡನ ಪೇಟ ಸುತ್ತಿಕೊಂಡು ಪಿಕಪ್ ಹತ್ತಿದ್ದಳು. ಬೇಸಿಗೆಯ ಮೊದಲ ವಾರ, ಅರ್ಧ ದಾರಿಯಲ್ಲಿ, ಆ ಹಳೆಯ ಎಂಜಿನ್ ಒಂದು ಸಲ ಕೆಮ್ಮಿ ಕೈಕೊಟ್ಟಿತು.

ಹೈಮಾ ಪೇಟೆಯ ಮೆಕ್ಯಾನಿಕ್ ಶಹದಾದ್ ಬಲೂಚಿ ಕುಳ, ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಪೆಟ್ರೋಲ್ ಎಂಜಿನ್ ರಿಪೇರಿ ಮಾಡುವುದು ಹೆಣಕ್ಕೆ ಸಿಂಗಾರ ಮಾಡಿದ ಹಾಗೆ, ಡೀಸೆಲ್ ಕೂರಿಸೋಣ ಅಂದ. ಅವನ ಹತ್ತಿರ ಒಂದು ಹಳೆಯ ಡೀಸೆಲ್ ಗಾಡಿ ಇತ್ತು. ಸಮುದ್ರದ ಉಪ್ಪುಗಾಳಿಗೆ ಮೈಯೆಲ್ಲ ತುಕ್ಕು ತಿಂದು ಜರಡಿಯಾಗಿತ್ತು, ಆದರೆ ಎಂಜಿನ್ ಗಟ್ಟಿ. ತುಫೂಲ್ ಕಟ್ಟಳೆಯಂತೆ, ಗುಡಾರದ ಮುಂದೆ ತಂದು ಕೇಳಿಸು ಅಂದಳು. ಅವನು ತಂದ.

ಮೂರು ಸುತ್ತು ಕಾಫಿ ಆಯಿತು, ಖರ್ಜೂರ ಆಯಿತು, ಎಂಜಿನ್ ಓಡುತ್ತಲೇ ಇತ್ತು. ತುಫೂಲ್ ಬಾನೆಟ್ಟಿಗೆ ಕಿವಿಗೊಟ್ಟು ಕೂತಿದ್ದಳು. ಕುಟುಕುಟು ದನಿಯಲ್ಲಿ ಒಂದು ತಪ್ಪು ತಾಳವಿಲ್ಲ. ಎಂಜಿನ್ನಿಗೆ ಬದಲಾಗಿ ಶಹದಾದ್ ಕೇಳಿದ್ದು ಸಮ್ಹಾಳ ಮರಿಯನ್ನು. ಸಮ್ಹಾ ಅಂದರೆ ಹಿಂಡಿನ ಮುಂದಾಳು ಹೆಣ್ಣೊಂಟೆ. ಅವಳು ಎತ್ತ ಹೋದರೆ ಉಳಿದ ಹತ್ತೂ ಅತ್ತ. ಗಂಡು ಮರಿ ಹೇಗೂ ಒಂದಲ್ಲ ಒಂದು ದಿನ ಯಾರದೋ ಮದುವೆಯೂಟಕ್ಕೆ ಹೋಗುವಂಥದ್ದೇ. ಶಹದಾದನ ಮಗಳ ಮದುವೆ ಮುಂದಿನ ವಾರವೇ ಇತ್ತು. ಮಾತು ಕುದುರಿತು. ಇಬ್ಬರೂ ಸೇರಿ ಮರಿಯ ಕಾಲು ಕಟ್ಟಿ ಆ ಗಾಡಿಯ ಹಿಂದೆಯೇ ಹೇರಿದರು.

ಮರಿ ಕೊಡುವ ದಿನ ತಾಯಿಯನ್ನು ಕಿವಿಗೆ ಕೇಳದಷ್ಟು ದೂರ ಮೇಯಲು ಅಟ್ಟಬೇಕು. ಇದು ಬಯಲಿನಲ್ಲಿ ಮೊಲೆಹಾಲಿನ ಜೊತೆಗೇ ಕಲಿಯುವ ಪಾಠ. ತುಫೂಲ್ ಅವತ್ತು ಎಂಜಿನ್ನಿನ ದನಿಯಲ್ಲಿ ಮುಳುಗಿ ಅದನ್ನು ಮರೆತಳು. ಸಮ್ಹಾ ಹತ್ತು ಹೆಜ್ಜೆ ಆಚೆ ನಿಂತು, ಕಾಫಿಯ ಮೂರೂ ಸುತ್ತು, ಅದೇ ಕುಟುಕುಟು ಕೇಳಿದ್ದಳು. ಗಾಡಿ ಹೊರಟಾಗ ಕಲ್ಲು ದಿಣ್ಣೆಯವರೆಗೂ ಹಿಂದೆ ಓಡಿದಳು. ಮೂರು ದಿನ ಆ ದಿಣ್ಣೆಯ ಮೇಲೇ ನಿಂತು ನಾಲ್ಕನೆಯ ದಿನ ಮೇಯಲು ಬಂದಳು. ತಾಯಿಗಳು ಹಾಗೆಯೇ, ಮರೆಯುತ್ತವೆ ಎಂದುಕೊಂಡು ತುಫೂಲ್ ಆಡುಗಳನ್ನು ಓರಗಿತ್ತಿಗೆ ಒಪ್ಪಿಸಿ, ಕೆಟ್ಟು ನಿಂತ ಪಿಕಪ್ಪನ್ನು ಎಳೆಸಿಕೊಂಡು ಹೈಮಾಕ್ಕೆ ಹೊರಟಳು. ಗಾಡಿ ಬರುವವರೆಗೆ ಹಿಂಡಿಗೆ ನೀರು ಹಾಕಲು ಬಖೀತ್ ಒಪ್ಪಿಕೊಂಡ. ಮುಖ ಹುಳಿ ಮಾಡಿಕೊಂಡೇ ಒಪ್ಪಿಕೊಂಡ.

ಕೆಲಸ ಎಂಟು ದಿನ ಹಿಡಿಯಿತು. ಅಂಗಡಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ತುಫೂಲ್ ಎಲ್ಲವನ್ನೂ ನೋಡಿದಳು. ಪೆಟ್ರೋಲ್ ಎಂಜಿನ್ ಸರಪಳಿಯಲ್ಲಿ ತೂಗಿ ಹೊರಬಂದಾಗ ಅವಳಿಗೆ ಗಂಡನ ಹೆಣವನ್ನು ಎರಡನೆಯ ಸಲ ಎತ್ತಿದ ಹಾಗಾಯಿತು. ಹೊಸದು ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ. ರೇಡಿಯೇಟರನ್ನು ಮುಂದಕ್ಕೆ ತಳ್ಳಬೇಕಾಯಿತು. ಚಾಸಿಯ ಮೇಲೆ ಎಂಜಿನ್ ಕೂರುವ ಕಟ್ಟೆಗಳನ್ನು ಕತ್ತರಿಸಿ, ಹಿಂದೆ ಸರಿಸಿ, ಮತ್ತೆ ಬೆಸುಗೆ ಹಾಕಬೇಕಾಯಿತು. ಹಳೆಯ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕಡೆದು ಕೂರಿಸುವಷ್ಟರಲ್ಲಿ ಶಹದಾದ್ ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಬಲೂಚಿಯಲ್ಲೂ ಅರಬಿಯಲ್ಲೂ ಮುಗಿಸಿದ್ದ. ಪೆಟ್ರೋಲಿನ ವಾಸನೆ ಹೋಗುವವರೆಗೆ ಟ್ಯಾಂಕನ್ನು ತೊಳೆದ ತುಫೂಲಳ ಅಂಗೈ ಸಿಪ್ಪೆ ಎದ್ದಿತು.

ನಡುವೆ ಎರಡು ದಿನ ಮದುವೆಗೆಂದು ಕೆಲಸ ನಿಂತಿತು. ತುಫೂಲಳನ್ನೂ ಕರೆದಿದ್ದರು. ಹೆಂಗಸರ ಪಂಕ್ತಿಯಲ್ಲಿ ಕೂತು ಅನ್ನ, ಮಾಂಸ ತಿಂದಳು. ಯಾರ ಮಾಂಸ ಎಂಬುದು ಗೊತ್ತಿತ್ತು. ಮೆತ್ತಗೆ ಬೆಂದಿತ್ತು, ಚೆನ್ನಾಗಿದೆ ಅಂತ ಮದುಮಗಳ ತಾಯಿಗೆ ಹೇಳಿಯೂ ಬಂದಳು.

ಕೊನೆಯ ದಿನ ಶಹದಾದ್ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ತಂತಿಯ ಹಿಡಿ ತೋರಿಸಿದ.

"ನೋಡಕ್ಕಾ, ಇದು ಪೆಟ್ರೋಲ್ ಅಲ್ಲ, ಕೀಲಿ ತೆಗೆದ ತಕ್ಷಣ ಸುಮ್ನಾಗಲ್ಲ. ಒಂದ್ಸಲ ಶುರುವಾದ್ರೆ ಇದು ಯಾರ ಮಾತೂ ಕೇಳಲ್ಲ. ಈ ಹಿಡಿ ಎಳೆದು ಉಸಿರು ಕಟ್ಟಿಸ್ಬೇಕು, ಆಗ್ಲೇ ನಿಲ್ಲೋದು."

"ನಮ್ಮ ಮೈದುನನ ಥರ ಅನ್ನು," ಅಂದಳು ತುಫೂಲ್. ಶಹದಾದ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ಮೈದುನ ತೊಟ್ಟಿಯ ಹತ್ತಿರವೇ ಕಾಯುತ್ತಿದ್ದ. ತನ್ನ ಗಾಡಿಗೆ ಒರಗಿಕೊಂಡು ಹೊಸ ಎಂಜಿನ್ನಿನ ದನಿ ಕೇಳಿದ. ಒಳ್ಳೆಯದು ಅನ್ನಲಿಲ್ಲ, ಕೆಟ್ಟದು ಅನ್ನಲೂ ಆಗಲಿಲ್ಲ.

"ಅತ್ತಿಗೆ, ನಾಳೆಯಿಂದ ನನ್ನ ನೀರು ನನ್ನ ಹಿಂಡಿಗೆ. ಒಂದು ಮಾತು ಹೇಳಿರ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಬೇಸಿಗೇಲಿ ಒಂದೇ ಒಂದು ಒಂಟೆ ನೆಲ ಹಿಡಿದ್ರೂ ಹಿಂಡು ನಾನು ಹೊಡ್ಕೊಂಡು ಹೋಗ್ತೀನಿ. ಹಿರಿಯರನ್ನೂ ಕೇಳಿದ್ದೀನಿ, ಆಗಲಿ ಅಂದಿದ್ದಾರೆ."

ಅವನು ಹೋದ ಮೇಲೆ ತುಫೂಲ್, ಬರುವ ದಾರಿಯಲ್ಲೇ ನೀರು ತುಂಬಿಸಿಕೊಂಡಿದ್ದ ಗಾಡಿಯನ್ನು ತೊಟ್ಟಿಯ ಬಳಿ ಹಿಮ್ಮುಖವಾಗಿ ತಂದಳು. ಹೊಸ ದನಿಗೆ ಒಂಟೆಗಳು ಬೆದರುತ್ತವೇನೋ ಎಂಬ ಅಳುಕಿತ್ತು. ಆದರೆ ದೂರದ ಮುಳ್ಳುಮರಗಳ ಕಡೆಯಿಂದ ಸಮ್ಹಾ ಕತ್ತು ಮುಂದೆ ಚಾಚಿ ಓಡೋಡಿ ಬಂದಳು, ಹಿಂದೆ ಇಡೀ ಹಿಂಡು. ತುಫೂಲಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಮ್ಹಾ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಗಾಡಿಯ ಹಿಂಭಾಗಕ್ಕೆ ಬಂದು ಟ್ಯಾಂಕಿನ ಪಕ್ಕದ ಸಂದಿಗೆ ಮೂತಿ ತೂರಿಸಿ ಮೂಸಿದಳು. ಆ ಕಡೆ ಹೋಗಿ ಮೂಸಿದಳು, ಈ ಕಡೆ ಬಂದು ಮೂಸಿದಳು. ದನಿ ಅದೇ, ವಾಸನೆ ಮಾತ್ರ ಇಲ್ಲ. ಆಮೇಲೆ ಎದೆಯ ಆಳದಿಂದ ಸಣ್ಣಗೆ ಕರೆದಳು. ಅದು ಮರಿಯನ್ನು ಮೊಲೆಗೆ ಕರೆಯುವ ಕರೆ. ತಾನು ಏನು ಮಾಡಿದೆ ಅನ್ನುವುದು ತುಫೂಲಳಿಗೆ ಆ ಗಳಿಗೆಯಲ್ಲೇ ಪೂರ್ತಿ ಅರ್ಥವಾಯಿತು.

ಉಳಿದವು ಕುಡಿದವು. ಒಂದು ಟ್ಯಾಂಕು ಹಿಂಡಿನ ಅರ್ಧಕ್ಕೂ ಸಾಲದು, ಇನ್ನೊಂದು ಸಲ ಹೋಗಿಬರಲೇಬೇಕು. ನಡುಹಗಲು, ನೆಲ ಕಾದ ಹೆಂಚಿನಂತಿತ್ತು. ಗಾಡಿ ಹೊರಟಿತು, ಸಮ್ಹಾ ಹಿಂದೆ ಓಡಿದಳು. ಮುಂದಾಳು ಓಡಿದರೆ ಹಿಂಡು ನಿಲ್ಲುತ್ತದೆಯೇ? ಬಿಟ್ಟು ಹೋದರೆ ದಣಿದು ನಿಲ್ಲುತ್ತವೆ ಎಂದು ತುಫೂಲ್ ವೇಗ ಹೆಚ್ಚಿಸಿದಳು. ಕನ್ನಡಿಯಲ್ಲಿ ಧೂಳು, ಧೂಳಿನೊಳಗೆ ಕತ್ತುಗಳು. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಗಬ್ಬದ ಒಂಟೆ ನವ್ರಾ ಮುಗ್ಗರಿಸಿ ಮೊಣಕಾಲೂರಿದಳು. ನಾಲಿಗೆ ಹೊರಬಿದ್ದಿತ್ತು.

ತುಫೂಲ್ ಹಿಡಿ ಎಳೆದು ಎಂಜಿನ್ನಿನ ಉಸಿರು ಕಟ್ಟಿಸಿದಳು. ತನ್ನ ಕುಡಿಯುವ ಕ್ಯಾನಿನ ನೀರನ್ನೆಲ್ಲ ನವ್ರಾಳ ತಲೆಗೆ, ಬಾಯಿಗೆ ಸುರಿದಳು. ನವ್ರಾ ಮತ್ತೆ ಎದ್ದು ನಿಲ್ಲುವವರೆಗೆ ತುಫೂಲಳಿಗೆ ಜೀವದಲ್ಲಿ ಜೀವ ಇರಲಿಲ್ಲ. ಬಿಸಿಲಿಳಿದ ಮೇಲೆ ನಡೆದೇ ಹಿಂಡನ್ನು ತಿರುಗಿಸಿಕೊಂಡು ಬಂದಳು. ಗಾಡಿ ಅಲ್ಲೇ ಬಯಲಿನಲ್ಲಿ ಉಳಿಯಿತು.

ಮರುದಿನ ತುಫೂಲ್ ಸಮ್ಹಾಳ ಒಂದು ಮುಂಗಾಲು ಮಡಚಿ ಹಗ್ಗದಿಂದ ಬಿಗಿದು ಗಾಡಿಯ ಹತ್ತಿರ ನಡೆದು ಹೋದಳು. ಬೆಳಗಿನ ತಣ್ಣನೆ ಗಾಳಿಗೆ ದನಿ ದೂರ ಹರಿಯುತ್ತದೆ. ಎಂಜಿನ್ ಶುರು ಮಾಡಿ ಅದು ಬಿಸಿಯಾಗಲೆಂದು ಕಾಯುವಷ್ಟರಲ್ಲಿ, ದಿಣ್ಣೆಯ ಮೇಲೆ ಸಮ್ಹಾ ಕಾಣಿಸಿಕೊಂಡಳು, ಮೂರು ಕಾಲಿನಲ್ಲಿ ಕುಪ್ಪಳಿಸುತ್ತ, ಬೀಳುತ್ತ, ಮತ್ತೆ ಏಳುತ್ತ. ಹಗ್ಗ ಮೊಣಕಾಲಿನ ಚರ್ಮವನ್ನು ಕುಯ್ದಿತ್ತು. ತುಫೂಲ್ ಹಿಡಿ ಎಳೆದು ಓಡಿಹೋಗಿ ಹಗ್ಗ ಬಿಚ್ಚಿ ಮರಳಿನಲ್ಲಿ ಕೂತು ಅತ್ತಳು. ಲುವೈತಿ ಸತ್ತಾಗ ಕೂಡ ಅಷ್ಟು ಅತ್ತಿರಲಿಲ್ಲ.

ಫೋನ್ ಮಾಡಿ ದನಿ ಬದಲಾಯಿಸಲು ಆಗುತ್ತದೆಯೇ ಎಂದು ಶಹದಾದನನ್ನು ಕೇಳಿದಳು. ಸೈಲೆನ್ಸರ್ ಬದಲಾಯಿಸಿದರೆ ಹೊಗೆಯ ಸದ್ದು ಬೇರೆಯಾಗುತ್ತದೆ, ಎಂಜಿನ್ನಿನ ಬಡಿತ ಬೇರೆಯಾಗುವುದಿಲ್ಲ ಅಂದ. ಒಂಟೆಯ ಕಿವಿಗೆ ಮೋಸ ಮಾಡುವ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ ಅಕ್ಕಾ ಅಂತ ಸೇರಿಸಿದ. ಈ ಸಲ ನಗಲಿಲ್ಲ.

ಅತ್ತ ದರಿ, ಇತ್ತ ಪುಲಿ. ಎಂಜಿನ್ ಓಡಿಸಿದರೆ ಹಿಂಡು ಓಡಿ ಸಾಯುತ್ತದೆ, ಓಡಿಸದಿದ್ದರೆ ಬಾಯಾರಿ ಸಾಯುತ್ತದೆ. ಬಖೀತನಿಗೆ ಒಂದು ಮಾತು ಹೇಳಿ ಕಳಿಸಿದರೆ ಸಂಜೆಯೊಳಗೆ ನೀರು ಬರುತ್ತದೆ, ಅದರ ಹಿಂದೆಯೇ ಒಂಟೆ ಹೊಡೆದುಕೊಂಡು ಹೋಗಲು ಜನವೂ ಬರುತ್ತಾರೆ. ಮೂರನೆಯ ಬೆಳಗು ತೊಟ್ಟಿಯ ತಳ ಒಣಗಿತ್ತು. ಸಮ್ಹಾಳ ಕಣ್ಣು ಗುಳಿಬಿದ್ದಿತ್ತು. ಅವಳು ಮೊದಲ ದಿನವೂ ಕುಡಿದಿರಲಿಲ್ಲ.

ಸೂರ್ಯ ಹುಟ್ಟುವ ಮೊದಲೇ ತುಫೂಲ್ ಹಿಂಡನ್ನು ನಡೆಸಿಕೊಂಡು ಗಾಡಿಯ ಬಳಿ ಬಂದಳು. ನೀರನ್ನು ಒಂಟೆಯ ಹತ್ತಿರ ತರಲಾಗದಿದ್ದರೆ ಒಂಟೆಯನ್ನು ನೀರಿನ ಹತ್ತಿರ ಒಯ್ಯಬೇಕು, ಅಷ್ಟೇ. ಎಂಜಿನ್ ಶುರು ಮಾಡಿ ಮೊದಲ ಗೇರಿಗೆ ಹಾಕಿದಳು, ಆಮೇಲೆ ಗೇರ್ ಬದಲಾಯಿಸಲೇ ಇಲ್ಲ. ಗಾಡಿ ಒಂಟೆಯ ನಡಿಗೆಯಲ್ಲಿ ತೆವಳಿತು. ಹಳೆಯ ಎಂಜಿನ್ ಆಗಿದ್ದರೆ ಈ ನಡಿಗೆಗೆ ಅರ್ಧ ಗಂಟೆಯಲ್ಲಿ ಕುದ್ದು ಹಬೆ ಉಗುಳುತ್ತಿತ್ತು. ಇದು ಬಿಸಿಯೇರದೆ, ಕುಟುಕುಟು ಎನ್ನುತ್ತ ಎಳೆಯಿತು. ಶಹದಾದನ ಕೆಲಸಕ್ಕೆ ಹೆಸರಿಡುವಂತಿರಲಿಲ್ಲ.

ಹಿಂದೆ ಸಮ್ಹಾ ನಡೆಯುತ್ತಿದ್ದಳು, ಟ್ಯಾಂಕಿಗೆ ಮೂತಿ ತಾಗುವಷ್ಟು ಹತ್ತಿರ. ಅವಳ ಹಿಂದೆ ಹತ್ತೂ ಸಾಲಾಗಿ. ಆಗಾಗ ಅವಳು ಆ ಸಣ್ಣ ಕರೆ ಕರೆಯುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು, ಮತ್ತೆ ಕರೆಯುತ್ತಿದ್ದಳು. ಎಂಜಿನ್ ಬಿಟ್ಟರೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಒಂದು ಗಂಟೆಯ ಮೇಲೆ ತುಫೂಲ್ ಕಿಟಕಿಯಿಂದ ಕೈ ಚಾಚಿ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿದಳು.

ನಾಲ್ಕು ಗಂಟೆ ಹಿಡಿಯಿತು. ನೀರಿನ ಘಟಕದಲ್ಲಿ ಬಖೀತ್ ತನ್ನ ಟ್ಯಾಂಕಿಗೆ ಪೈಪು ಹಾಕಿ ನಿಂತಿದ್ದ, ಇನ್ನೂ ಮೂರ್ನಾಲ್ಕು ಜನ ಇದ್ದರು. ಬಯಲಿನಲ್ಲಿ ಒಂದು ಗಾಡಿ, ಹಿಂದೆ ಹಗ್ಗವಿಲ್ಲ, ಕೋಲಿಲ್ಲ, ಕೂಗುವವರಿಲ್ಲ, ಹನ್ನೊಂದು ಒಂಟೆ ಸಾಲು ತಪ್ಪದೆ ಬರುತ್ತಿರುವುದನ್ನು ಎಲ್ಲರೂ ನೋಡಿದರು. ಬಖೀತ್ ಪೈಪು ತೆಗೆದು ತಾನಾಗಿಯೇ ಅವಳ ಒಂಟೆಗಳಿಗೆಂದು ಅಲ್ಲಿಯ ತೊಟ್ಟಿಗೆ ಬಿಟ್ಟ.

"ಅತ್ತಿಗೆ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಅಣ್ಣನ ಹಿಂದೇನೂ ಇವು ಹೀಗೆ ಬಂದಿದ್ದು ನಾನು ನೋಡಿಲ್ಲ. ಹಿಂಡು ನಿಮ್ಮದೇ. ನಾನಿನ್ನು ಆ ಮಾತೆತ್ತಲ್ಲ. ಅವಕ್ಕೆ ನಿಮ್ಮ ಮೇಲೆ ಎಂಥಾ ನಂಬಿಕೆ ನೋಡಿ."

ತುಫೂಲ್ ಹಿಡಿ ಎಳೆದಳು. ಎಂಜಿನ್ ನಡುಗಿ ನಿಂತಿತು. ಅವಳು ಬಯಸಿದ್ದೆಲ್ಲ ಕೈಗೆ ಬಂದಿತ್ತು, ಆದರೂ ಬಖೀತನ ಮುಖ ನೋಡಲಾಗಲಿಲ್ಲ. ಉಳಿದವು ತೊಟ್ಟಿಗೆ ಮುಗಿಬಿದ್ದವು. ಸಮ್ಹಾ ಗಾಡಿಯ ಹಿಂಭಾಗವನ್ನು ಮತ್ತೊಮ್ಮೆ ಪೂರ್ತಿ ಮೂಸಿದಳು. ಆಮೇಲೆ ಸುತ್ತಿ ಬಂದು ಕಿಟಕಿಯೊಳಗೆ ತಲೆ ಹಾಕಿ ತುಫೂಲಳ ಕೈ ಮೂಸಿದಳು, ಮುಖವಾಡ ಮೂಸಿದಳು, ಬಾಯಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ಮೂಸಿದಳು. ತುಫೂಲ್ ಉಸಿರು ಬಿಗಿಹಿಡಿದು ಕೂತಳು.

"ಹೋಗೇ ತಾಯಿ, ನೀರು ಕುಡಿ," ಅಂದಳು ಕೊನೆಗೆ. "ನಿನ್ನ ಕಾಲಿಗೆ ಬೀಳ್ತೀನಿ, ಕುಡಿ."

ಸಮ್ಹಾ ಎಲ್ಲರಿಗಿಂತ ಕೊನೆಗೆ ಹೋಗಿ ಕುಡಿದಳು. ತುಂಬಾ ಹೊತ್ತು ಕುಡಿದಳು. ವಾಪಸು ಹೋಗಲು ತುಫೂಲ್ ಕೀಲಿ ತಿರುಗಿಸಿದಾಗ, ಬಾಯಲ್ಲಿನ್ನೂ ನೀರು ಸುರಿಯುತ್ತಿರುವಂತೆಯೇ, ತಲೆಯೆತ್ತಿ ಓಡಿ ಬಂದು ಟ್ಯಾಂಕಿನ ಹಿಂದೆ ತನ್ನ ಜಾಗದಲ್ಲಿ ನಿಂತಳು.