ಗಾಲಿ ಎಡೆ

ಕೆಂಪಕ್ಕ ಜಗಳೂರಿನ ಕಡೆಯಿಂದ ಉಬ್ರಾಣಿಗೆ ಸೊಸೆಯಾಗಿ ಬಂದವಳು. ಒಬ್ಬಳೇ ಮಗಳು ಗಾದ್ರಮ್ಮನಿಗೆ ಬಸವಾಪಟ್ಟಣದ ಸಂಬಂಧ ಕೂಡಿಬಂದಾಗ ಅವಳ ಹಿಗ್ಗು ಹೇಳತೀರದು. ಮದುವೆಯ ಮರುದಿನ ಬೆಳಿಗ್ಗೆ ಮಗಳ ತಲೆ ಬಾಚುತ್ತ, "ಅತ್ತೆ ಮನೇಲಿ ಹಿಂಗೆ ಕೂದಲು ಕೆದರ್ಕಂಡು ತಿರುಗಬ್ಯಾಡ. ಎಣ್ಣೆ ಹಚ್ಚಾಕೆ ಅಲ್ಲಿ ನಾನಿರಾಕಿಲ್ಲ" ಎಂದಳು.

"ಹಂಗಾರೆ ನೀನೂ ಬಂದ್ಬಿಡವ್ವ" ಎಂದು ಹುಡುಗಿ ನಕ್ಕಳು.

ಹೆಣ್ಣು ಕಳಿಸಲು ಬಾಗಿಲಲ್ಲಿ ಬಸ್ಸು ನಿಂತಿತ್ತು. ಕೆಂಪಕ್ಕನ ತಮ್ಮ ಜಂಪಣ್ಣ ಚನ್ನಗಿರಿಯಲ್ಲಿ ಬಸ್ಸಿನ ಡ್ರೈವರು. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಿಂದ ಓಡುತ್ತಿದ್ದವು. ಅಕ್ಕನ ಮಗಳು ಎತ್ತಿನ ಗಾಡಿಯಲ್ಲಿ ಕುಲುಕಾಡಿಕೊಂಡು ಹೋಗಬಾರದೆಂದು ಧಣಿಯ ಕೈಕಾಲು ಹಿಡಿದು ಬಸ್ಸು ತಂದಿದ್ದ. ಹಿಂದೆ ಅವನೂ ಕುಡಿಯುತ್ತಿದ್ದವನೇ. ಬಸ್ಸಿನ ಕೆಲಸ ಸಿಕ್ಕ ದಿನವೇ ಬಿಟ್ಟಿದ್ದ.

"ಗಾಲಿ ಎಡೆ ತರ್ರಲೇ!" ಕೆಂಪಕ್ಕನ ಮಾವ ದುರುಗಪ್ಪ ಕೂಗಿದ.

ಹೆಣ್ಣು ಊರು ಬಿಡುವಾಗ ಗಾಲಿಗೆ ಹೆಂಡ ಎರೆದು, ಉಳಿದದ್ದನ್ನು ಗಾಡಿ ಹೊಡೆಯುವವನಿಗೆ ಕುಡಿಸುವುದು ಆ ಮನೆತನದ ಪದ್ಧತಿ. ಅವನು ಒಲ್ಲೆನೆಂದರೆ ಹೆಣ್ಣಿನ ಬಾಳಿಗೆ ಅಡ್ಡಿ ಎಂದು ನಂಬಿಕೆ.

"ಗಾಲಿಗೆ ಎಷ್ಟಾದ್ರೂ ಎರೀರಿ ಮಾವಾರೆ. ನಂಗೆ ಬ್ಯಾಡ್ರಿ" ಎಂದ ಜಂಪಣ್ಣ.

"ನಮ್ಮಪ್ಪನ ಕಾಲದಿಂದ ಗಾಡಿ ಹೊಡೆದೋರೆಲ್ಲ ಕುಡಿದಾರೆ. ಯಾರು ಸತ್ರಲೇ?"

"ಗಾಡಿಯೋನು ತೂಕಡಿಸಿದ್ರೂ ಎತ್ತು ದಾರಿ ಬಿಡ್ತಿರಲಿಲ್ಲ. ಈ ಬಸ್ಸಿಗೆ ಎಲ್ಲೈತ್ರಿ ಕಣ್ಣು? ನನ್ನ ಕಣ್ಣೇ ಅದರ ಕಣ್ಣು. ಒಳಗೆ ಕುಂತಿರೋಳು ನಮ್ಮ ಹುಡುಗಿ."

"ಹಂಗಾರೆ ಹುಡುಗಿ ಇಳೀಲಿ. ಎಡೆ ಮುಟ್ಟದೋನ ಗಾಡೀಲಿ ನನ್ನ ಮೊಮ್ಮಗಳು ಹೋಗಾಕಿಲ್ಲ."

ಬೀಗರು ಮುಖ ಮುಖ ನೋಡಿಕೊಂಡರು. ಅಪಶಕುನವೆಂದು ಯಾರೋ ಮುದುಕಿ ಗೊಣಗಿದಳು. ಅಪ್ಪನಿಗೆ ಎಂದೂ ಎದುರಾಡದ ಹನುಮಣ್ಣ, ಕೆಂಪಕ್ಕನ ಗಂಡ, ನೆಲ ನೋಡುತ್ತ ನಿಂತ. ತಮ್ಮನ ಮಾತು ಸರಿಯೆಂದು ಕೆಂಪಕ್ಕನಿಗೆ ಗೊತ್ತಿತ್ತು. ಆದರೆ ಮಗಳ ಕಣ್ಣು ತುಂಬಿದ್ದನ್ನು ಕಂಡು ಅವಳ ಧೈರ್ಯ ಉಡುಗಿತು. ತಮ್ಮನ ಕೈ ಹಿಡಿದುಕೊಂಡಳು.

"ನನ್ನ ಮಗಳ ಬಾಳು ಕಣಪ್ಪ. ಒಂದು ಗುಟುಕು ಕುಡಿದ್ಬಿಡು."

ಅವ್ವ ಸತ್ತ ಮೇಲೆ ಜಂಪಣ್ಣನನ್ನು ಸಾಕಿದವಳು ಅವಳೇ. ಅವನು ಅಕ್ಕನ ಮುಖ ನೋಡಿದ. ಕುಡಿದ. ಒಂದು ಗುಟುಕಿಗೆ ಬಿಟ್ಟಾರೆಯೇ? ತವರಿನದಾಯಿತು, ಬೀಗರದು ಬೇಡವೇ ಎಂದರು. ಬೀಗರದಾಯಿತು, ದೇವಿಯದು ಬೇಡವೇ ಎಂದರು. ಬಿಟ್ಟ ಚಟ ಒಳಗೆ ಎದ್ದು ಕೂತಿತು. ಆಮೇಲೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ.

ಬಸ್ಸು ಹೋಯಿತು. ಚಪ್ಪರದ ಕೆಳಗೆ ಕಸ ಗುಡಿಸುತ್ತಿದ್ದ ಕೆಂಪಕ್ಕನಿಗೆ ಕುರಿಯವನೊಬ್ಬ ಓಡಿಬಂದು ಸುದ್ದಿ ಹೇಳಿದ. ಕೆರೆ ಏರಿಯ ತಿರುವಿನಲ್ಲಿ ಬಸ್ಸು ಕೆಳಗೆ ಉರುಳಿತ್ತು. ಕೆಂಪಕ್ಕನೂ ಊರವರೂ ಅಲ್ಲಿಗೆ ಓಡಿದರು. ಮದುಮಗ ಕಾಲು ಮುರಿದುಕೊಂಡು ಉಳಿದಿದ್ದ. ಗಾದ್ರಮ್ಮನ ಕೆನ್ನೆಯ ಅರಿಶಿನ ಇನ್ನೂ ಹಾಗೇ ಇತ್ತು, ಉಸಿರು ಇರಲಿಲ್ಲ.

ಪೊಲೀಸ್ ದಫೇದಾರ ಬಂದ. ಜಂಪಣ್ಣ ಹಣೆಯ ರಕ್ತ ಒರೆಸಿಕೊಳ್ಳದೆ ಕೂತಿದ್ದ.

"ಕುಡುಕ ಸ್ವಾಮಿ. ತಾನೇ ಕುಡಿದು ಬಂದಿದ್ದ" ಎಂದ ದುರುಗಪ್ಪ. ಹಿರಿಯರೆಲ್ಲ ಹೌದೆಂದು ತಲೆದೂಗಿದರು.

ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಕೆಂಪಕ್ಕ ಮುಖ ಎತ್ತಿದಳು.

"ಸುಳ್ಳು. ಅವನು ಬ್ಯಾಡ ಅಂದ. ಕುಡಿಸಿದೋರು ನಾವು. ಅವನ ತಪ್ಪಿಗೆ ಅವನನ್ನ ಕರ್ಕಂಡೋಗ್ರಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ನಮ್ಮನ್ನೂ ಬರ್ಕಳ್ರಿ. ಕೈ ಹಿಡಿದು ಕುಡಿ ಅಂದೋಳು ನಾನು. ಎರೆದು ಕೊಟ್ಟೋರು ನಮ್ಮ ಮಾವ."

"ಬಾಯಿ ಮುಚ್ಚೇ! ಅದು ಕುಲಾಚಾರ!"

"ಹುಡುಗಿ ಬಾಳಿಗೆ ಅಡ್ಡಿ ಆಗಬಾರ್ದು ಅಂತ ಕುಡಿಸಿದ್ರಲ್ಲ ಮಾವ, ಎಲ್ಲೈತೆ ಬಾಳು? ತೋರಿಸ್ರಿ."

ಜನ ಒಬ್ಬೊಬ್ಬರಾಗಿ ಹಿಂದೆ ಸರಿಯತೊಡಗಿದರು.

ಆಗ ಹನುಮಣ್ಣ ಅಪ್ಪನನ್ನು ದಾಟಿಕೊಂಡು ಮುಂದೆ ಬಂದು, ಹೆಂಡತಿಯ ಪಕ್ಕದಲ್ಲಿ ನಿಂತ.

"ನಂದೂ ಬರ್ಕಳ್ರಿ ಸ್ವಾಮಿ" ಎಂದ. "ನಾನು ನೋಡ್ತಾ ನಿಂತಿದ್ದೆ."